ಹಡಗೋ ಥೀಮ್ ಪಾರ್ಕೋ? ಮಕ್ಕಳೊಂದಿಗೆ ಸಿಂಗಪುರಕ್ಕೆ ಹೊರಡುವವರಿಗೆ

ಟ್ರಾವೆಲ್ ಏಜೆಂಟರಿಗೆ ಫೋನ್ ಮಾಡುವ ಮೊದಲು ಮನೆಯಲ್ಲಿರುವ ಅಳತೆ ಟೇಪು ಹುಡುಕಿ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಒಂದು ನೋಟ್‌ಬುಕ್ ಅಡ್ಡ ಇಟ್ಟು, ಅದರ ತಳಕ್ಕೆ ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಬಂದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದರ ಕೆಳಗೆ ಇನ್ನೊಂದು ಸಾಲು: ಮಗುವಿಗೆ ಡೈಪರ್ ಬಿಟ್ಟಿದೆಯೇ, ಇಲ್ಲವೇ? ಹಡಗು ಮೇಲೋ ಥೀಮ್ ಪಾರ್ಕ್ ಮೇಲೋ ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಈ ಎರಡು ಸಾಲಿನಲ್ಲೇ ಇದೆ. ಹೆಚ್ಚಿನವರು ಪ್ಯಾಕೇಜಿನ ಬೆಲೆಯಿಂದ ಶುರು ಮಾಡುತ್ತಾರೆ. ಅಲ್ಲಿಗೆ ಹೋದ ಮೇಲೆ ನಾಲ್ಕು ವರ್ಷದ ಮಗು ರೈಡಿನ ಬಾಗಿಲಲ್ಲಿ ಅಳತೆ ಕೋಲಿನ ಪಕ್ಕ ನಿಂತು ಅಳುವುದನ್ನು ನೋಡಬೇಕಾಗುತ್ತದೆ.

ಇಲ್ಲಿ ಸಿಂಗಪುರವನ್ನೇ ಇಟ್ಟುಕೊಂಡು ಹೇಳುತ್ತಿರುವುದಕ್ಕೆ ಕಾರಣವಿದೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಹಾದಿ, ಒಂದೇ ಊರಿನಲ್ಲಿ ಎರಡೂ ಸಿಗುತ್ತವೆ. ಸೆಂಟೋಸಾ ದ್ವೀಪದಲ್ಲಿ 2010ರಲ್ಲಿ ತೆರೆದ ಯೂನಿವರ್ಸಲ್ ಸ್ಟುಡಿಯೋಸ್ ಒಂದು ಕಡೆ, ಮರೀನಾ ಬೇ ಕ್ರೂಸ್ ಸೆಂಟರಿನಿಂದ ಹೊರಡುವ ಮೂರು ಅಥವಾ ನಾಲ್ಕು ರಾತ್ರಿಯ ಹಡಗುಗಳು ಇನ್ನೊಂದು ಕಡೆ. ವಿಮಾನದ ಖರ್ಚು ಎರಡಕ್ಕೂ ಒಂದೇ ಆದ್ದರಿಂದ ತೂಕ ಹಾಕುವುದು ಸುಲಭ.

ಎತ್ತರ ಏನು ಹೇಳುತ್ತದೆ

ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಒಂದೊಂದು ರೈಡಿಗೂ ಕನಿಷ್ಠ ಎತ್ತರ ನಿಗದಿಯಾಗಿದೆ. ಪುಟ್ಟ ಮಕ್ಕಳ ರೋಲರ್ ಕೋಸ್ಟರ್ ಆದ ಎನ್‌ಚಾಂಟೆಡ್ ಏರ್‌ವೇಸ್ ಮತ್ತು ಕ್ಯಾನಪಿ ಫ್ಲೈಯರ್‌ಗೆ 92 ಸೆಂಟಿಮೀಟರ್. ಎಲ್ಲರೂ ಹೇಳುವ ಟ್ರಾನ್ಸ್‌ಫಾರ್ಮರ್ಸ್‌ಗೆ 102. ನೀರಿನಲ್ಲಿ ದೋಣಿ ತಿರುಗಿಸುವ ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್‌ಗೆ 107. ಮಮ್ಮಿ ರೈಡಿಗೆ 122. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಗೆ 125. ಬಾಗಿಲಲ್ಲಿ ನಿಂತ ಸಿಬ್ಬಂದಿ ಒಂದು ಸೆಂಟಿಮೀಟರನ್ನೂ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂಬಾರದು. ಸೀಟಿನ ಹಿಡಿಕಂಬಿ ಆ ಅಳತೆಗಿಂತ ಸಣ್ಣ ಮೈಯನ್ನು ಹಿಡಿದಿಡುವುದಿಲ್ಲ.

ಈಗ ಟಿಕೆಟ್ ನೋಡಿ. ನಾಲ್ಕರಿಂದ ಹನ್ನೆರಡು ವರ್ಷದವರಿಗೆ ಮಕ್ಕಳ ಟಿಕೆಟ್, ನಾಲ್ಕರೊಳಗೆ ಉಚಿತ. ಟಿಕೆಟಿಗೆ ವಯಸ್ಸು ಲೆಕ್ಕ, ರೈಡಿಗೆ ಎತ್ತರ ಲೆಕ್ಕ. ನಮ್ಮ ಮಕ್ಕಳಲ್ಲಿ ನಾಲ್ಕೂವರೆ ವರ್ಷಕ್ಕೆ 100 ಸೆಂಟಿಮೀಟರ್ ದಾಟದವರು ಬೇಕಾದಷ್ಟಿದ್ದಾರೆ. ಅಂಥ ಮಗುವಿಗೆ ಟಿಕೆಟ್ಟಿನ ದುಡ್ಡು ಪೂರ್ತಿ ಕೊಡುತ್ತೀರಿ, ಆದರೆ ಹೆಸರಾಂತ ರೈಡುಗಳಲ್ಲಿ ಒಂದಕ್ಕೂ ಅದು ಹತ್ತುವಂತಿಲ್ಲ. ನಾಲ್ಕರಿಂದ ಆರರ ನಡುವಿನ ಮಕ್ಕಳಿರುವವರು ಇದನ್ನು ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಹಿಡಿಯಬೇಕು. 122 ದಾಟಿದ್ದರೆ, ಅಂದರೆ ಸುಮಾರಾಗಿ ಎರಡು–ಮೂರನೇ ತರಗತಿಯ ಹೊತ್ತಿಗೆ, ಪಾರ್ಕ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹಡಗಿನಲ್ಲೂ ಎತ್ತರದ ಕಟ್ಟಳೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರಾಯಲ್ ಕೆರಿಬಿಯನ್ ಕಂಪನಿಯ ದೊಡ್ಡ ಹಡಗುಗಳಲ್ಲಿರುವ ಫ್ಲೋರೈಡರ್, ಅಂದರೆ ಚಿಮ್ಮುವ ನೀರಿನ ಮೇಲೆ ಹಲಗೆ ಹಿಡಿದು ತೇಲುವ ಆಟಕ್ಕೆ, ಮಲಗಿ ಆಡಲು 132 ಸೆಂಟಿಮೀಟರ್, ನಿಂತು ಆಡಲು 147 ಬೇಕು. ಜಾಹೀರಾತಿನ ವೀಡಿಯೊದಲ್ಲಿ ಮಗು ನೋಡಿ ಕುಣಿದಿರುವುದು ಇದೇ ಆಟಕ್ಕಾಗಿದ್ದರೆ ಮೊದಲೇ ಹೇಳಿಬಿಡಿ.

ಡೈಪರ್ ಏನು ಹೇಳುತ್ತದೆ

ಆರು ತಿಂಗಳೊಳಗಿನ ಕೂಸನ್ನು ಸಾಮಾನ್ಯವಾಗಿ ಹಡಗು ಹತ್ತಿಸುವುದಿಲ್ಲ. ಪ್ರಯಾಣ ಮುಗಿಯುವ ಮೊದಲು ಗರ್ಭಕ್ಕೆ 24 ವಾರ ತುಂಬುವ ತಾಯಂದಿರಿಗೂ ಹೆಚ್ಚಿನ ಕಂಪನಿಗಳಲ್ಲಿ ಪ್ರವೇಶವಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳು ಹತ್ತಬಹುದು, ಆದರೆ ಅವರಿಗೆ ಅಲ್ಲಿ ಸಿಗುವುದು ಕಡಿಮೆ. ಮಕ್ಕಳ ಕ್ಲಬ್ಬಿಗೆ ಸೇರಿಸಿಕೊಳ್ಳುವುದು ಮೂರು ತುಂಬಿ, ಶೌಚಕ್ಕೆ ತಾನೇ ಹೇಳುವ ಮಗುವನ್ನು ಮಾತ್ರ. ಈಜುಕೊಳಕ್ಕೂ ಅದೇ ನಿಯಮ. ನೀರಿಗೆಂದೇ ಮಾಡಿದ ಸ್ವಿಮ್ ಡೈಪರ್ ಹಾಕಿದ್ದರೂ ದೊಡ್ಡ ಕೊಳಕ್ಕೆ ಬಿಡುವುದಿಲ್ಲ. ಒಂದು ಮಗುವಿನಿಂದ ನೀರು ಕೆಟ್ಟರೆ ಇಡೀ ಕೊಳವನ್ನು ಮುಚ್ಚಿ ಶುದ್ಧ ಮಾಡಬೇಕು, ಹೊಟ್ಟೆಯ ಸೋಂಕು ಸಾವಿರಾರು ಜನ ಒಟ್ಟಿಗಿರುವ ಹಡಗಿನಲ್ಲಿ ಕಾಡ್ಗಿಚ್ಚಿನಂತೆ ಹಬ್ಬುತ್ತದೆ. ಕೆಲವು ಹಡಗುಗಳಲ್ಲಿ ಪುಟಾಣಿಗಳಿಗೆಂದೇ ಬೇರೆ ನೀರಾಟದ ಜಾಗವಿರುತ್ತದೆ. ನಿಮ್ಮ ಹಡಗಿನಲ್ಲಿ ಇದೆಯೇ ಎಂದು ಹಡಗಿನ ಹೆಸರು ಹಿಡಿದೇ ಕೇಳಿ. ಒಂದೇ ಕಂಪನಿಯ ಎರಡು ಹಡಗುಗಳು ಒಂದೇ ಥರ ಇರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಮೂರರೊಳಗಿನ ಮಗು ಒಂದೇ ಇದ್ದರೆ ಎರಡನ್ನೂ ಮುಂದೂಡುವುದು ಒಳ್ಳೆಯದು. ಮೃಗಾಲಯ, ಗಾರ್ಡನ್ಸ್ ಬೈ ದ ಬೇ ಸಾಕು, ಮಗುವೂ ಖುಷಿ, ಕಿಸೆಯೂ ಖುಷಿ.

ಮೂರರಿಂದ ಆರು, ಡೈಪರ್ ಬಿಟ್ಟಿದೆ, ಎತ್ತರ 102ಕ್ಕಿಂತ ಕಡಿಮೆ: ಹಡಗೇ ಸರಿ. ಅನುಮಾನ ಬೇಡ. ನೀರು, ಮಕ್ಕಳ ಕ್ಲಬ್ಬು, ಮಧ್ಯಾಹ್ನ ನಿದ್ದೆಗೆ ನಾಲ್ಕು ಹೆಜ್ಜೆಯಲ್ಲಿ ಹಾಸಿಗೆ. ಪಾರ್ಕಿನಲ್ಲಿ ಇಲ್ಲದ್ದು ಈ ಹಾಸಿಗೆಯೇ.

ಏಳರಿಂದ ಹನ್ನೊಂದು: ಪಾರ್ಕಿಗೆ ಒಂದು ದಿನ ಕೊಡಲೇಬೇಕು. ಎರಡು ದಿನ ಬೇಡ. ಯೂನಿವರ್ಸಲ್ ಸ್ಟುಡಿಯೋಸ್ ಸಣ್ಣ ಪಾರ್ಕು, ಒಂದೇ ದಿನದಲ್ಲಿ ಸುತ್ತಿ ಮುಗಿಯುತ್ತದೆ. 

ಅಜ್ಜಿ–ತಾತ ಜೊತೆಗಿದ್ದರೆ ತಕ್ಕಡಿ ಹಡಗಿನ ಕಡೆ ಪೂರ್ತಿ ವಾಲುತ್ತದೆ. ಸಿಂಗಪುರದ ಬಿಸಿಲು, ಸೆಕೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ. ಆ ಸೆಕೆಯಲ್ಲಿ ಮಂಡಿನೋವಿನ ಅಜ್ಜಿಯನ್ನು ಪಾರ್ಕಿನ ಬೆಂಚಿನ ಮೇಲೆ ಬ್ಯಾಗು ಕಾಯಲು ಕೂರಿಸಿ ಉಳಿದವರು ಕ್ಯೂ ನಿಲ್ಲುವುದು ಪ್ರವಾಸವಲ್ಲ. ಹಡಗಿನಲ್ಲಾದರೆ ಅವರು ಕೋಣೆಯಲ್ಲಿ ಮಲಗಿ, ಸಂಜೆ ಡೆಕ್ಕಿನ ಮೇಲೆ ಗಾಳಿಗೆ ಬಂದು, ರಾತ್ರಿ ಎಲ್ಲರೊಟ್ಟಿಗೆ ಊಟಕ್ಕೆ ಕೂರುತ್ತಾರೆ.

ಹದಿಹರೆಯದವರಿದ್ದರೆ ಅವರನ್ನೇ ಕೇಳಿ. ಹಡಗಿನಲ್ಲಿ ಇಂಟರ್ನೆಟ್‌ಗೆ ಬೇರೆ ದುಡ್ಡು ಎಂಬುದನ್ನು ಹೇಳಿಯೇ ಕೇಳಿ.

ವೀಸಾ: ಹಡಗಿಗೆ ಇದೇ ದೊಡ್ಡ ಗಂಡಾಂತರ

ಭಾರತೀಯ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ಪಾರ್ಕಿಗೆ ಹೋಗುವವರಿಗೆ ಒಮ್ಮೆ ಒಳಹೋಗುವ ವೀಸಾ ಸಾಕು. ಹಡಗಿಗೆ ಸಾಲದು. ಹಡಗು ಹತ್ತಿದಾಗ ನೀವು ಸಿಂಗಪುರ ಬಿಟ್ಟಂತೆ, ಮರಳಿ ಬಂದಾಗ ಎರಡನೇ ಸಲ ಪ್ರವೇಶಿಸಿದಂತೆ. ಆದ್ದರಿಂದ ಮಲ್ಟಿಪಲ್ ಎಂಟ್ರಿ ವೀಸಾ ಇರಲೇಬೇಕು. ಡಿಸ್ನಿ ಅಡ್ವೆಂಚರ್‌ನಂತೆ ಯಾವ ಬಂದರಿನಲ್ಲೂ ನಿಲ್ಲದೆ ಸಮುದ್ರದಲ್ಲೇ ಸುತ್ತಿ ಬರುವ ಹಡಗಿಗೂ ಇದು ಅನ್ವಯಿಸುತ್ತದೆ.

ಇ–ವೀಸಾ ಕೈಗೆ ಬಂದ ದಿನವೇ ಪ್ರತಿಯೊಬ್ಬರ ಹಾಳೆಯನ್ನೂ ಬೇರೆ ಬೇರೆಯಾಗಿ ತೆರೆದು ನೋಡಿ. ಅಪ್ಪ ಅಮ್ಮನದು ಮಲ್ಟಿಪಲ್ ಆಗಿದ್ದು ಮಗುವಿನದು ಸಿಂಗಲ್ ಆಗಿದ್ದರೆ ಟರ್ಮಿನಲ್ಲಿನ ಕೌಂಟರಿನಲ್ಲಿ ಇಡೀ ಕುಟುಂಬ ನಿಲ್ಲಬೇಕಾಗುತ್ತದೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದಾದ್ದರಿಂದ ಎಡವುವುದು ಅಲ್ಲೇ.

ಸಿಂಗಪುರದ ಅರೈವಲ್ ಕಾರ್ಡನ್ನು ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ತಾಣ ತೆರೆದುಕೊಂಡಿದ್ದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಹಡಗಿನಿಂದ ಮರಳುವಾಗ ಅದನ್ನು ಮತ್ತೊಮ್ಮೆ ತುಂಬಬೇಕು. ಹಡಗುಗಳು ನಿಲ್ಲುವ ಬಂದರುಗಳಿರುವ ಮಲೇಷ್ಯಾ, ಥಾಯ್ಲೆಂಡ್ ಎರಡೂ ಈಚಿನ ವರ್ಷಗಳಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಿವೆ. ಇಂಥ ವಿನಾಯಿತಿ ಅವಧಿಗೆ ಕಟ್ಟುಬಿದ್ದದ್ದು, ಬುಕ್ ಮಾಡುವ ವಾರದಲ್ಲಿ ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುತ್ತಿದ್ದರೆ, ಇಲ್ಲವೇ ಅಜ್ಜಿ–ತಾತ ಕರೆದೊಯ್ಯುತ್ತಿದ್ದರೆ, ಬಾರದ ಹೆತ್ತವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ, ಜನನ ಪ್ರಮಾಣಪತ್ರದ ಜೊತೆ ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ ಹೀಗೆ ಹಾಕಿ

ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ವಿಮಾನ, ವೀಸಾ, ವಿಮೆ ಎರಡೂ ಕಡೆ ಬರುವುದರಿಂದ ಬಿಟ್ಟುಬಿಡಿ.

ಹಡಗಿನ ಕಡೆ: ಕ್ಯಾಬಿನ್ ದರ, ಬಂದರು ಶುಲ್ಕ ಮತ್ತು ತೆರಿಗೆ, ಸೇವಾಶುಲ್ಕ, ಬಂದರಿನಲ್ಲಿ ಇಳಿದಾಗಿನ ಖರ್ಚು, ಹಡಗು ಹತ್ತುವ ಹಿಂದಿನ ರಾತ್ರಿಯ ಹೋಟೆಲು. ಪಾರ್ಕಿನ ಕಡೆ: ಅಷ್ಟೇ ರಾತ್ರಿಗಳ ಹೋಟೆಲು, ಟಿಕೆಟು, ಉದ್ದ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸು, ಮೂರು ಹೊತ್ತಿನ ಊಟ, ಓಡಾಟ. ಊಟ ಮತ್ತು ಹೋಟೆಲನ್ನು ಪಾರ್ಕಿನ ಲೆಕ್ಕಕ್ಕೆ ಸೇರಿಸದೆ ಹಡಗು ದುಬಾರಿ ಎನ್ನುವುದು ತಪ್ಪು ಲೆಕ್ಕ. ಸಿಂಗಪುರದಲ್ಲಿ ನಾಲ್ಕು ಜನ ಮಲಗುವ ಹೋಟೆಲ್ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಏರಿರುತ್ತದೆ.

ಹಡಗಿನಲ್ಲಿ ಒಂದೇ ಕ್ಯಾಬಿನ್ನಿನ ಮೊದಲ ಇಬ್ಬರು ಪೂರ್ಣ ದರ ಕೊಡುತ್ತಾರೆ, ಮೂರನೆಯ ಮತ್ತು ನಾಲ್ಕನೆಯವರಿಗೆ ಬಹಳ ಸಲ ಕಡಿಮೆ. ಕೆಲವು ಸಲ ಮಕ್ಕಳಿಗೆ ಕ್ಯಾಬಿನ್ ದರ ಉಚಿತ ಎಂದೂ ಹಾಕಿರುತ್ತಾರೆ, ಆದರೆ ಬಂದರು ಶುಲ್ಕವೂ ಸೇವಾಶುಲ್ಕವೂ ಮಕ್ಕಳಿಗೂ ಬೀಳುತ್ತವೆ. ಈ ಸೇವಾಶುಲ್ಕವನ್ನು ಜಾಹೀರಾತಿನ ಬೆಲೆಯಲ್ಲಿ ಸೇರಿಸಿರುವುದು ಅಪರೂಪ. ಒಬ್ಬರಿಗೆ ರಾತ್ರಿಗೆ 18 ಅಮೆರಿಕನ್ ಡಾಲರ್ ಎಂದಿಟ್ಟುಕೊಳ್ಳಿ: ನಾಲ್ಕು ಜನ, ನಾಲ್ಕು ರಾತ್ರಿ, ಒಟ್ಟು 288 ಡಾಲರ್. ಕೊನೆಯ ದಿನ ಬಿಲ್ಲಿನಲ್ಲಿ ಇದನ್ನು ಮೊದಲ ಬಾರಿ ನೋಡುವುದು ಯಾರಿಗೂ ಬೇಡ. ಒಂದು ವರ್ಷದ ಕೂಸೂ ಕ್ಯಾಬಿನ್ನಿನ ಲೆಕ್ಕದಲ್ಲಿ ಪೂರ್ತಿ ಒಬ್ಬರೇ, ಏಕೆಂದರೆ ಲೈಫ್‌ಬೋಟಿನಲ್ಲಿ ಅದಕ್ಕೂ ಜಾಗ ಬೇಕು. ಮೂವರ ಕ್ಯಾಬಿನ್ನಿಗೆ ನಾಲ್ಕನೆಯದಾಗಿ ಕೂಸನ್ನು ಸೇರಿಸಲು ಆಗುವುದಿಲ್ಲ.

ಪಾರ್ಕಿನ ಟಿಕೆಟ್ ದೊಡ್ಡವರಿಗೆ 80, ಮಕ್ಕಳಿಗೆ 60 ಸಿಂಗಪುರ ಡಾಲರಿನ ಆಸುಪಾಸಿನಲ್ಲಿ ಇಟ್ಟುಕೊಳ್ಳಿ, ದಿನ ನೋಡಿ ಏರಿಳಿಯುತ್ತದೆ. ಎಕ್ಸ್‌ಪ್ರೆಸ್ ಪಾಸನ್ನು ಎಲ್ಲರಿಗೂ ಕೊಳ್ಳಬೇಕಿಲ್ಲ. 102 ಮುಟ್ಟದ ಮಗುವಿಗೆ ಅದು ವ್ಯರ್ಥ. ಸಾಮಾನ್ಯ ವಾರದ ನಡುವಿನ ದಿನಗಳಲ್ಲಿ ಯಾರಿಗೂ ಬೇಡ. ಏಜೆಂಟರ ಮೂಲಕ ವಿದೇಶ ಪ್ಯಾಕೇಜು ಕೊಂಡರೆ ಮೇಲೆ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಕೊಡುವ ಹೊತ್ತಿಗೆ ಕೈಯಲ್ಲಿ ದುಡ್ಡಿರಬೇಕು.

ಯಾವ ತಿಂಗಳು

ನಮ್ಮ ಶಾಲೆಗಳ ಬೇಸಿಗೆ ರಜೆ ಇಲ್ಲಿ ವರವಾಗುತ್ತದೆ. ಏಪ್ರಿಲ್ ಮಧ್ಯದಿಂದ ಮೇ ಮೂರನೇ ವಾರದವರೆಗೆ ಸಿಂಗಪುರದ ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಅವರ ದೊಡ್ಡ ರಜೆ ಜೂನ್ ತಿಂಗಳು, ಆಮೇಲೆ ನವೆಂಬರ್ ಕೊನೆಯಿಂದ ಡಿಸೆಂಬರ್. ದಸರಾ ರಜೆಯಲ್ಲಿ ಹೋಗುವವರು ಅಕ್ಟೋಬರ್ ಮೊದಲ ವಾರ ತಪ್ಪಿಸಿ, ಚೀನಾದಲ್ಲಿ ಆಗ ರಾಷ್ಟ್ರೀಯ ರಜೆ. ಮೇ ಒಂದರ ಸುತ್ತಮುತ್ತವೂ ಅಷ್ಟೇ.

ಹಡಗಿಗೆ ತಿಂಗಳಿಗಿಂತ ದಿಕ್ಕು ಮುಖ್ಯ. ಮಲೇಷ್ಯಾದ ಪೆನಾಂಗ್ ಕಡೆ ಹೋಗುವ ಹಡಗು ಮಲಾಕ್ಕಾ ಜಲಸಂಧಿಯಲ್ಲಿ ಸಾಗುತ್ತದೆ. ಒಂದು ಬದಿ ಮಲೇಷ್ಯಾ, ಇನ್ನೊಂದು ಬದಿ ಸುಮಾತ್ರಾ ಅಡ್ಡ ನಿಂತಿರುವುದರಿಂದ ಅಲ್ಲಿ ಅಲೆ ಏಳುವುದು ಕಡಿಮೆ, ಬಹುತೇಕ ರಾತ್ರಿ ಹಡಗು ಚಲಿಸುತ್ತಿರುವುದೇ ತಿಳಿಯುವುದಿಲ್ಲ. ಪೂರ್ವಕ್ಕೆ, ದಕ್ಷಿಣ ಚೀನಾ ಸಮುದ್ರಕ್ಕೆ ತಿರುಗುವ ಯಾನಗಳು ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಮಾರುತಕ್ಕೆ ಸಿಕ್ಕಿ ಹೊಯ್ದಾಡಬಹುದು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡುವ ಮಗುವಿದ್ದರೆ ಪಶ್ಚಿಮದ ದಾರಿಯನ್ನೇ ಆರಿಸಿ, ಕೆಳಗಿನ ಡೆಕ್ಕಿನಲ್ಲಿ ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ತೊಟ್ಟಿಲಿನ ನಡುವಿಗಿಂತ ತುದಿಗಳು ಹೆಚ್ಚು ತೂಗುವ ಹಾಗೆಯೇ ಇಲ್ಲಿಯೂ. ವಾಂತಿಯ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಬೇಕು, ಎರಡು ವರ್ಷದೊಳಗಿನವರಿಗಂತೂ ಸ್ವಂತ ನಿರ್ಧಾರದಿಂದ ಕೊಡಲೇಬಾರದು.

ಪಾರ್ಕ್ ಆರಿಸಿದರೆ

ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳಗ್ಗೆ ಎಂಟಕ್ಕೆ ಮಗುವನ್ನು ಎಬ್ಬಿಸಿದರೆ ಅದರ ಮೈಗೆ ಇನ್ನೂ ಐದೂವರೆ. ಹಾಗಾಗಿ ಬಂದಿಳಿದ ಮರುದಿನವೇ ಪಾರ್ಕ್ ಇಟ್ಟುಕೊಳ್ಳಬೇಡಿ, ಮೂರನೇ ದಿನಕ್ಕೆ ಇಡಿ. ಮಂಗಳವಾರದಿಂದ ಗುರುವಾರದೊಳಗೆ ಬಂದರೆ ಇನ್ನೂ ಒಳ್ಳೆಯದು.

ಹಾರ್ಬರ್‌ಫ್ರಂಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ವಿವೋಸಿಟಿ ಮಾಲಿನ ಮೂರನೇ ಹಂತದಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಹಿಡಿಯಿರಿ. ಟ್ಯಾಕ್ಸಿಯಾದರೆ ಒಂದು ವಿಷಯ ತಿಳಿದಿರಲಿ: ಅಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಮಾಮೂಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಚೈಲ್ಡ್ ಸೀಟ್ ಇಲ್ಲದ ಖಾಸಗಿ ಕಾರಿನ ಚಾಲಕ ಮಗುವನ್ನು ಕಂಡು ಹತ್ತಿಸಿಕೊಳ್ಳದೆ ಹೊರಟರೆ ತಪ್ಪು ಅವನದಲ್ಲ.

ಬಾಗಿಲು ಸಾಮಾನ್ಯವಾಗಿ ಹತ್ತಕ್ಕೆ ತೆರೆಯುತ್ತದೆ. ಒಂಬತ್ತೂವರೆಗೆ ಅಲ್ಲಿರಿ, ಮೊದಲ ಒಂದೂವರೆ ಗಂಟೆಯಲ್ಲಿ ಉದ್ದ ಸಾಲಿನ ರೈಡುಗಳನ್ನು ಮುಗಿಸಿ: ಟ್ರಾನ್ಸ್‌ಫಾರ್ಮರ್ಸ್, 2025ರ ಫೆಬ್ರುವರಿಯಲ್ಲಿ ತೆರೆದ ಮಿನಿಯನ್ ಲ್ಯಾಂಡ್, ಬ್ಯಾಟಲ್‌ಸ್ಟಾರ್. ಒಂದು ಮಗು ಎತ್ತರ ಮುಟ್ಟಿಲ್ಲದಿದ್ದರೆ ಚೈಲ್ಡ್ ಸ್ವಿಚ್ ಕೇಳಿ. ಅಪ್ಪ ರೈಡು ಮುಗಿಸಿ ಬರುವವರೆಗೆ ಅಮ್ಮ ಮಗುವಿನೊಂದಿಗೆ ಕಾದು, ಆಮೇಲೆ ಮತ್ತೆ ಸಾಲು ನಿಲ್ಲದೆ ಹತ್ತಬಹುದು. ಮಧ್ಯಾಹ್ನ ಗುಡುಗು ಮಳೆ ಬಂದರೆ ಹೊರಗಿನ ರೈಡುಗಳನ್ನು ನಿಲ್ಲಿಸುತ್ತಾರೆ, ಇದು ಅಲ್ಲಿ ಮಾಮೂಲು. ಆ ಹೊತ್ತಿಗೆ ಒಳಾಂಗಣದ ಪ್ರದರ್ಶನಗಳನ್ನು ಉಳಿಸಿಟ್ಟುಕೊಂಡಿರಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕೂಸಿನ ಆಹಾರಕ್ಕೆ ತಡೆಯಿಲ್ಲ. ಸಸ್ಯಾಹಾರಿಗಳು ಬೆಳಗ್ಗೆ ಹೊಟ್ಟೆ ತುಂಬಿಸಿಕೊಂಡು ಹೊರಡುವುದೇ ಉಪಾಯ, ರಾತ್ರಿಗೆ ಲಿಟಲ್ ಇಂಡಿಯಾ ಇದ್ದೇ ಇದೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ದೋಸೆ, ಊಟ ಬಡಿಸುತ್ತಿದೆ.

ಹಡಗು ಆರಿಸಿದರೆ

ಹೊರಡುವ ದಿನವೇ ವಿಮಾನ ಇಳಿಯುವ ಯೋಜನೆ ಬೇಡವೇ ಬೇಡ. ವಿಮಾನ ಮೂರು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ಮರಳುವುದಿಲ್ಲ. ಹಿಂದಿನ ದಿನವೇ ಬಂದು ತಂಗಿ.

ಟರ್ಮಿನಲ್ಲಿನಲ್ಲಿ ಸೂಟ್‌ಕೇಸುಗಳನ್ನು ಪಡೆದುಕೊಂಡು ಅವರೇ ಕ್ಯಾಬಿನ್ನಿಗೆ ತಲುಪಿಸುತ್ತಾರೆ, ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಮಕ್ಕಳ ಈಜುಡುಗೆ, ಔಷಧಿ, ಒಂದು ಜೊತೆ ಬಟ್ಟೆ, ಎಲ್ಲರ ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಇಡಬೇಡಿ. ಬೆಂಕಿಯ ಭಯದಿಂದ ಅವುಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅವು ಸಿಕ್ಕ ಸೂಟ್‌ಕೇಸು ತಡವಾಗಿ ಬರುತ್ತದೆ. ಮನೆಯಲ್ಲಿ ಮಾಡಿದ ಪುಳಿಯೋಗರೆ ಬಿಡುವುದಿಲ್ಲ, ಸೀಲ್ ಮಾಡಿದ ಪ್ಯಾಕೆಟಿನ ಚಕ್ಕುಲಿ, ಬಿಸಿನೀರು ಹಾಕುವ ಉಪ್ಪಿಟ್ಟಿನ ಕಪ್ಪಿಗೆ ಸಾಮಾನ್ಯವಾಗಿ ತಕರಾರಿಲ್ಲ.

ಊಟದ ಬಗ್ಗೆ ಬುಕಿಂಗ್ ಮಾಡುವಾಗಲೇ ಬರೆಸಿ: ಭಾರತೀಯ ಸಸ್ಯಾಹಾರ, ಮೊಟ್ಟೆ ನಡೆಯುತ್ತದೆಯೋ ಇಲ್ಲವೋ, ಈರುಳ್ಳಿ ಬೆಳ್ಳುಳ್ಳಿ ಬೇಕೋ ಬೇಡವೋ. ಮೊದಲ ರಾತ್ರಿ ಊಟದ ಮನೆಯಲ್ಲಿ ಮುಖ್ಯ ಬಡಿಸುವವರಿಗೆ ಮತ್ತೆ ಬಾಯಲ್ಲಿ ಹೇಳಿ, ಮರುದಿನದ ಅಡಿಗೆ ಆ ಮಾತಿನ ಮೇಲೆ ನಿಂತಿರುತ್ತದೆ. ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಗುವಿದ್ದರೆ ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಸಿಗುತ್ತದೆ, ಎರಡು ಬಟ್ಟಲು ಕೇಳಿ ಕ್ಯಾಬಿನ್ನಿನ ಫ್ರಿಜ್ಜಿನಲ್ಲಿಡಿ. ಅನ್ನ ಮಧ್ಯಾಹ್ನವೂ ರಾತ್ರಿಯೂ ಇರುತ್ತದೆ.

ಬಾಲ್ಕನಿ ಕ್ಯಾಬಿನ್ ಸಿಕ್ಕರೆ ಒಳಹೊಕ್ಕ ಕೂಡಲೇ ಅಲ್ಲಿರುವ ಕುರ್ಚಿ, ಮೇಜನ್ನು ಕಂಬಿಯಿಂದ ದೂರ ಸರಿಸಿ. ಮಗು ಕಂಬಿ ಹತ್ತುವುದು ಕುರ್ಚಿಯ ಮೇಲಿಂದಲೇ. ಬಾಗಿಲಿನ ಮೇಲಿನ ಚಿಲಕ ಯಾವಾಗಲೂ ಹಾಕಿರಲಿ. ಸಮುದ್ರಕ್ಕೆ ಹೊರಟ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಡಗಿನ ಟವರಿನ ರೋಮಿಂಗ್ ನಿಮಿಷಕ್ಕೆ ನೂರಾರು ರೂಪಾಯಿ ತಿನ್ನಬಹುದು. ಹಡಗಿನ ವೈದ್ಯರ ಬಿಲ್ಲು ಡಾಲರಿನಲ್ಲಿ ಬರುತ್ತದೆ, ಆದ್ದರಿಂದ ವಿಮೆ ಕೊಳ್ಳುವಾಗ ಕ್ರೂಸ್ ಸೇರಿದೆಯೇ ಎಂದು ಓದಿ ನೋಡಿ.

ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನಿನ ಸ್ವೆಟ್ಟನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುತ್ತದೆ, ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತವೆ, ಸ್ಟ್ರಾಲರ್ ಮಡಚಿ ಒಂದು ಕೈಯಲ್ಲಿ, ಮಗು ಇನ್ನೊಂದು ಕೈಯಲ್ಲಿ ಹಿಡಿದು ಇಳಿಯಬೇಕು. ಅಲ್ಲಿ ಇನ್ನೊಂದು ಬಲೆ ಇದೆ. ಥಾಯ್ಲೆಂಡಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಮುಟ್ಟಿದೊಡನೆ ನಿಮ್ಮ ಫೋನು ತಾನಾಗಿ ಗಂಟೆ ಬದಲಿಸಿಕೊಳ್ಳುತ್ತದೆ, ಹಡಗು ಬದಲಿಸಿಕೊಳ್ಳದೆ ಇರಬಹುದು. ಐದಕ್ಕೆ ಕೊನೆಯ ದೋಣಿ ಎಂದರೆ ಯಾರ ಐದು? ಇಳಿಯುವ ಮೊದಲು ಮೆಟ್ಟಿಲ ಬಳಿಯ ಸಿಬ್ಬಂದಿಯನ್ನು ಕೇಳಿ, ಕೈಗೆ ಮುಳ್ಳಿನ ಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೇ ಬಿಟ್ಟಿರಿ.

ಎರಡೂ ಬೇಕೆಂದರೆ

ಆರು ರಾತ್ರಿ ಸಿಕ್ಕರೆ ಎರಡೂ ಆಗುತ್ತದೆ. ಒಂದು ರಾತ್ರಿ ಊರಿನಲ್ಲಿ, ಮೂರು ರಾತ್ರಿ ಹಡಗಿನಲ್ಲಿ, ಮರಳಿದ ದಿನ ವಿಶ್ರಾಂತಿ, ಮರುದಿನ ಪಾರ್ಕು, ಆ ರಾತ್ರಿ ಅಥವಾ ಮರುದಿನ ವಿಮಾನ. ಹಡಗನ್ನು ಮೊದಲು ಇಡುವುದು ಏಕೆಂದರೆ ಅಷ್ಟರಲ್ಲಿ ಮಕ್ಕಳ ಮೈಗೆ ಅಲ್ಲಿನ ಬೆಳಗು ಒಗ್ಗಿರುತ್ತದೆ. ಹಡಗು ಬೆಳಗ್ಗೆ ಬಂದು ಸೇರುವ ದಿನವೇ ಪಾರ್ಕ್ ಟಿಕೆಟ್ ಕೊಳ್ಳುವವರು ಇದ್ದಾರೆ. ಇಳಿಯುವ ಸಾಲು, ವಲಸೆ ಕೌಂಟರು, ಸೂಟ್‌ಕೇಸು, ಹೋಟೆಲ್ಲಿಗೆ ಹೋಗಿ ಲಗೇಜ್ ಇಟ್ಟು ಬರುವಷ್ಟರಲ್ಲಿ ಮಧ್ಯಾಹ್ನವಾಗಿ ಅರ್ಧ ಟಿಕೆಟ್ ನೀರಿಗೆ ಹೋಗುತ್ತದೆ.

ಹಡಗಿನ ಕೊನೆಯ ರಾತ್ರಿ ಸೂಟ್‌ಕೇಸುಗಳಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಮಲಗುವ ಮೊದಲು ಅವು ಹೋಗಿಬಿಡುತ್ತವೆ, ಮತ್ತೆ ಸಿಗುವುದು ಟರ್ಮಿನಲ್ಲಿನಲ್ಲೇ. ಬಾಗಿಲು ಮುಚ್ಚುವ ಮುಂಚೆ ಒಮ್ಮೆ ಒಳಗೆ ನೋಡಿ: ಮಕ್ಕಳ ಬೆಳಗಿನ ಬಟ್ಟೆ, ಒಳಉಡುಪು, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಪಾಸ್‌ಪೋರ್ಟಿನ ಕಟ್ಟು ಹಾಸಿಗೆಯ ಮೇಲೆ ಉಳಿದಿವೆ ತಾನೇ?